ಮೊದಲು ಹಳಿ, ಆಮೇಲೆ ಪತ್ರೊಡೆ

ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅಕ್ಕ ತೀರಿಹೋದ ಸುದ್ದಿ ಬಂದಾಗ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಹೂವಿನ ಚೌಕಟ್ಟಿನೊಳಗೆ ಅಕ್ಕನ ಹಳೇ ಫೋಟೋ, ಕೈಯಲ್ಲಿ ಸೌಟು. ಅದರಡಿ ಬರೆದದ್ದು ಹೀಗಿತ್ತು: "ಪತ್ರೊಡೆ ಮಾಡುವುದರಲ್ಲಿ ಎತ್ತಿದ ಕೈ. ಮಕ್ಕಳ ಮೇಲಿನ ಪ್ರೀತಿಯಿಂದ ಅವರಿಗಾಗಿ ವಿಜ್ಞಾನ ಮ್ಯೂಸಿಯಂ ಪ್ರವಾಸ ಏರ್ಪಡಿಸಿದ ಮಾತೃಹೃದಯಿ." ಕೆಳಗೆ ಸಾಲುಸಾಲು ಮುಗಿದ ಕೈಗಳು.

ಎರಡು ವಾಕ್ಯ. ಎರಡೂ ಸುಳ್ಳು. ಒಬ್ಬ ಹೆಂಗಸು ಇಷ್ಟು ವರ್ಷ ನಿಮ್ಮ ನಡುವೆಯೇ ಓಡಾಡಿ ಹೋದಳು, ಅವಳ ಬಗ್ಗೆ ಎರಡು ವಾಕ್ಯವನ್ನಾದರೂ ಸರಿಯಾಗಿ ಬರೆಯಲಿಕ್ಕೆ ಬರುವುದಿಲ್ಲವೇನ್ರಪ್ಪಾ?

ಹೆಸರು ನಾನು ಹೇಳುವುದಿಲ್ಲ. ತೊಂಬತ್ತರ ದಶಕದಲ್ಲಿ ಬಾಂಬೆ ಪಕ್ಕದ ಡೊಂಬಿವಲಿ ಈಸ್ಟಿನಲ್ಲಿದ್ದ ಕನ್ನಡದವರಿಗೆ ಯಾರೆಂದು ಗೊತ್ತಾಗುತ್ತದೆ. ಉಳಿದವರು ಅಕ್ಕ ಎಂದುಕೊಂಡು ಓದಿ. ಪತ್ರೊಡೆಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದನ್ನು ಕೊನೆಗೆ ಇಡು ಎಂದು ನನಗೆ ಹೇಳಿದವರೊಬ್ಬರಿದ್ದಾರೆ.

ನಾನು ಮದುವೆಯಾಗಿ ಉಡುಪಿ ಕಡೆಯಿಂದ ಡೊಂಬಿವಲಿಗೆ ಬಂದಾಗ ಅಕ್ಕನದು ನಮ್ಮ ಎದುರು ಬಾಗಿಲು. ಬಂದ ಮರುದಿನವೇ ಬಾಗಿಲು ತಟ್ಟಿದರು. ಹೊಸ ಮದುಮಗಳನ್ನು ನೆರೆಮನೆಯವರು ಏನು ಕೇಳುತ್ತಾರೆ? ಊರು ಯಾವುದು, ಅತ್ತೆ ಹೇಗೆ, ಅಡುಗೆ ಬರುತ್ತದಾ. ಅಕ್ಕ ಕೇಳಿದ್ದು, "ಟ್ಯೂಬ್‌ಲೈಟು ಹತ್ತುವ ಮೊದಲು ಹಾಗೆ ಕಣ್ಣು ಹೊಡೀತದಲ್ಲ, ಯಾಕೆ ಅಂತ ನಿನಗೆ ಗೊತ್ತುಂಟಾ?"

"ಇಲ್ಲ," ಎಂದೆ.

"ನನಗೂ ಗೊತ್ತಿಲ್ಲ," ಎಂದು ಬಹಳ ಸಂತೋಷದಿಂದ ಒಳಗೆ ಬಂದು ಕೂತರು.

ಎತ್ತರದ ಆಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಹಿಂದೆ ಕಟ್ಟಿ, ಕತ್ತು ಮುಂದೆ ಚಾಚಿ ನೋಡುವುದು ಅವರ ಅಭ್ಯಾಸ. ರಸ್ತೆ ಬದಿಯಲ್ಲಿ ಟೆಲಿಫೋನಿನವರು ಗುಂಡಿ ತೋಡಿ ಕೇಬಲ್ ಹಾಕುವಾಗ ಕೆಲವು ಗಂಡಸರು ಆಫೀಸು ಮರೆತು ನಿಂತು ನೋಡುತ್ತಾರಲ್ಲ, ಥೇಟ್ ಹಾಗೆ. ಆ ಗಂಡಸರನ್ನು ಯಾರೂ ಏನೂ ಕೇಳುವುದಿಲ್ಲ. ಅದೇ ಗುಂಡಿಯ ಪಕ್ಕ ಅಕ್ಕ ತರಕಾರಿ ಚೀಲ ಹಿಡಿದು ನಿಂತರೆ ಮಾತ್ರ, "ಕಾಯ್ ಪಾಹಿಜೆ, ಬಾಯಿ?" ಏನು ಬೇಕು? ಏನೂ ಬೇಡ ಮಾರಾಯ, ನೋಡಬೇಕು. ನೋಡುವುದಕ್ಕೆ ಹೆಂಗಸು ಕಾರಣ ಕೊಡಬೇಕು ಎಂಬುದು ಯಾವ ಕಾನೂನು ಎಂದು ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ.

ಅಕ್ಕನ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಚಿಕ್ಕಂದಿನಲ್ಲೇ ಊರು ಬಿಟ್ಟು ಬಂದು, ಕಲ್ಯಾಣದ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ರಬಾಳೆ ಕಡೆಯ ಕಂಪೆನಿಯಲ್ಲಿ ಕುರ್ಚಿಯ ಕೆಲಸ ಹಿಡಿದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಇಲ್ಲದೆ ಹಾಲು ತರಲಿಕ್ಕೂ ಕೆಳಗೆ ಇಳಿಯುತ್ತಿರಲಿಲ್ಲ. ಯಾರಾದರೂ ಹೋಟೆಲಿನ ದಿನಗಳ ಮಾತೆತ್ತಿದರೆ ಅವರು ಮಳೆಯ ಬಗ್ಗೆ ಮಾತಾಡುತ್ತಿದ್ದರು, ಅದು ಬೇಸಗೆಯಾದರೂ ಸರಿ.

ಈಗ ಹಳಿಯ ವಿಷಯ.

ಒಂದು ಮಳೆಗಾಲದ ಸಂಜೆ ಠಾಣೆಯಿಂದ ಬರುವಾಗ ದಿವಾ ಸ್ಟೇಷನ್ ದಾಟಿದ ಮೇಲೆ ನಮ್ಮ ಲೋಕಲ್ ನಿಂತುಬಿಟ್ಟಿತು. ಮೇಲಿನ ತಂತಿ ಕಡಿದಿದೆ ಎಂದು ಸುದ್ದಿ. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು, ಇನ್ನೊಬ್ಬಳು ರೈಲ್ವೆಯವರ ಏಳು ತಲೆಮಾರನ್ನು ಮರಾಠಿಯಲ್ಲಿ ತೊಳೆಯುತ್ತಿದ್ದಳು. ನಾನು, ಅಕ್ಕ, ಜೊತೆಗೆ ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿದ್ದ ವಿಜಾಪುರದ ಕಾಕು. ಅಕ್ಕ ಬಾಗಿಲಿನಿಂದ ಕತ್ತು ಹೊರಗೆ ಹಾಕಿ ಮೇಲೆ ನೋಡಿದರು, ಕೆಳಗೆ ನೋಡಿದರು, ಮತ್ತೆ ಮೇಲೆ.

"ನಮ್ಮ ಮನೆಯ ಬಲ್ಬಿಗೆ ಎರಡು ವಯರು ಉಂಟಲ್ಲ? ಒಂದರಲ್ಲಿ ಕರೆಂಟು ಬರ್ತದೆ, ಇನ್ನೊಂದರಲ್ಲಿ ವಾಪಸ್ ಹೋಗ್ತದೆ. ಈ ಟ್ರೇನಿಗೆ ಮೇಲೆ ಒಂದೇ ತಂತಿ. ಬಂದ ಕರೆಂಟು ವಾಪಸ್ ಎಲ್ಲಿಂದ ಹೋಗ್ತದೆ?"

ಕಾಕು ಹೇಳಿದಳು, "ಅಕ್ಕಾರ, ಮೊದಲ ಕರೆಂಟ್ ಬರ್ಲಿ ಬಿಡ್ರಿ. ಆಮ್ಯಾಲ ಅದು ಎಲ್ಲಿ ಹೋಗ್ತದ ಅಂತ ನಾನ ಬೆನ್ನ ಹತ್ತಿ ನೋಡ್ಕೊಂಡು ಬರ್ತೀನಿ."

ಸುತ್ತ ಇದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕರು. ಆದರೆ ಪ್ರಶ್ನೆ ಬಿಡಲಿಲ್ಲ. ಭಾವನನ್ನು ಕೇಳಿದರು. "ಅದನ್ನೆಲ್ಲ ರೈಲ್ವೆಯವರು ನೋಡಿಕೊಳ್ತಾರೆ," ಎಂದು ಅವರು ಪೇಪರು ಮಡಚಿದರು. ಸಂಘದ ಕಾರ್ಯದರ್ಶಿಯನ್ನು ಕೇಳಿದರು. ಅವರಿಗೆ ಉಲ್ಹಾಸನಗರದಲ್ಲಿ ವಯರಿಂಗ್ ಸಾಮಾನಿನ ಅಂಗಡಿ. ಕೇಳಬೇಕಾದವರನ್ನೇ ಕೇಳಿದ್ದು.

"ಅದು ಅರ್ಥಿಂಗ್ ಅಕ್ಕ. ನಿಮ್ಮ ತಲೆಗೆ ಹೋಗ್ಲಿಕ್ಕಿಲ್ಲ."

"ತಲೆಗೆ ಹಾಕಿಕೊಳ್ಳುವುದು ನನ್ನ ಕೆಲಸ. ನೀವು ಬಾಯಿಂದ ಹೊರಗೆ ಹಾಕಿ, ಸಾಕು."

ಕಾರ್ಯದರ್ಶಿ ಗಿರಾಕಿ ಬಂದರೆಂದು ಆಚೆ ತಿರುಗಿದರು.

ಆಮೇಲೆ ಯಾವುದೋ ಪೇಪರಿನಲ್ಲಿ ಅಕ್ಕ ಓದಿದ್ದು: ಬಾಂಬೆಯ ಒಂದು ವಿಜ್ಞಾನ ಮ್ಯೂಸಿಯಮ್ಮಿನಲ್ಲಿ ಹಳೆಯ ಯಂತ್ರಗಳು, ಮಗ್ಗಗಳು, ರೈಲುಗಳು ಎಲ್ಲ ಇವೆಯಂತೆ, ಎಲೆಕ್ಟ್ರಿಕ್ ಟ್ರೇನು ಓಡುವುದು ಹೇಗೆಂದು ತೋರಿಸುವ ಮಾದರಿಯೂ ಇದೆಯಂತೆ. ಅಕ್ಕ ಆಗ ಸಂಘದ ಮಹಿಳಾ ವಿಭಾಗದ ಸಂಚಾಲಕಿ. ನಮ್ಮ ಸಂಘದ ಪಿಕ್ನಿಕ್ ಎಂದರೆ ಒಂದು ವರ್ಷ ಟಿಟ್ವಾಳದ ಗಣಪತಿ, ಮರುವರ್ಷ ವಜ್ರೇಶ್ವರಿಯ ಬಿಸಿನೀರು, ಮತ್ತೆ ಗಣಪತಿ. ಈ ಸಲ ಮ್ಯೂಸಿಯಮ್ಮಿಗೆ ಹೋಗುವ ಎಂದು ಅಕ್ಕ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದರು.

ಕಾರ್ಯದರ್ಶಿ ಕೇಳಿದರು, "ಹೆಂಗಸರಿಗೆ ಅಲ್ಲಿ ಎಂತ ಉಂಟು?"

"ಗಂಡಸರಿಗೆ ಎಂತ ಉಂಟು?"

"ಯಂತ್ರಗಳು."

"ನಮಗೂ ಅದೇ."

"ಅಲ್ಲ ಅಕ್ಕ, ಠರಾವಿನಲ್ಲಿ ಒಂದು ಉದ್ದೇಶ ಅಂತ ಹಾಕ್ಬೇಕಲ್ಲ. ಯಾಕೆ ಹೋಗುವುದು?"

"ನೋಡ್ಲಿಕ್ಕೆ."

"ನೋಡ್ಲಿಕ್ಕೆ ಅಂತ ಹಾಕ್ಲಿಕ್ಕಾಗ್ತದಾ?"

ಟಿಟ್ವಾಳಕ್ಕೆ ಯಾಕೆ ಎಂದು ಯಾರೂ ಯಾವತ್ತೂ ಕೇಳಿದ್ದಿಲ್ಲ. ಇದಕ್ಕೆ ಉದ್ದೇಶ ಬೇಕು. ಕೊನೆಗೆ ಕಾರ್ಯದರ್ಶಿಯೇ 'ಮಕ್ಕಳ ಶೈಕ್ಷಣಿಕ ಪ್ರವಾಸ' ಎಂದು ಬರೆದುಕೊಂಡರು. "ಎಂತದಾದ್ರೂ ಹಾಕಿ, ಬಸ್ಸು ಬಂದ್ರೆ ಆಯ್ತು," ಎಂದು ಅಕ್ಕ ಕೂತರು. ಮೊನ್ನೆ ವಾಟ್ಸಾಪಿನಲ್ಲಿ ಬಂದ ಮಾತೃಹೃದಯ ಹುಟ್ಟಿದ್ದು ಹೀಗೆ, ಉದ್ದೇಶದ ಜಾಗ ಖಾಲಿ ಬಿಡಬಾರದೆಂದು.

ಚಳಿಗಾಲದ ಒಂದು ಭಾನುವಾರ ಬಸ್ಸು ಹೊರಟಿತು. ಹೆಂಗಸರು ನಸುಕಿನಲ್ಲೇ ಎದ್ದು ಮಾಡಿದ್ದ ಪುಳಿಯೋಗರೆ, ಚಪಾತಿ, ಪಲ್ಯ, ಮೊಸರನ್ನ, ಕಾಕುವಿನ ಶೇಂಗಾ ಚಟ್ನಿ, ಅಕ್ಕನ ಮನೆಯಿಂದ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಪತ್ರೊಡೆ. ಬಸ್ಸಿನ ತುಂಬ ಇಂಗಿನ ಪರಿಮಳ. ಅಕ್ಕ ಕಿಟಕಿಯ ಪಕ್ಕ ಕೂತು, ಮೇಲಿನ ತಂತಿ ಕಂಡಲ್ಲೆಲ್ಲ ನನ್ನ ಮೊಣಕೈ ತಿವಿಯುತ್ತಿದ್ದರು. ಅಷ್ಟು ಖುಷಿಯಲ್ಲಿ ನಾನು ಅವರನ್ನು ಯಾವ ಮದುವೆಯಲ್ಲೂ ನೋಡಿಲ್ಲ.

ಮ್ಯೂಸಿಯಮ್ಮಿನ ಗೇಟಿನೊಳಗೆ ಒಂದು ದೊಡ್ಡ ಮರ. ಅದರಡಿ ನಾವು ಪಾತ್ರೆ, ಬ್ಯಾಗು ಇಳಿಸಿದೆವು. ಕಾರ್ಯದರ್ಶಿ ಟಿಕೆಟ್ ತಂದರು. ಮಕ್ಕಳಿಗೆ ಕೊಟ್ಟರು, ಉಳಿದದ್ದನ್ನು ಗಂಡಸರಿಗೆ ಹಂಚಲಿಕ್ಕೆ ಹೊರಟರು.

"ನಮಗೆ?" ಎಂದರು ಅಕ್ಕ.

"ನೀವೆಲ್ಲ ಇಲ್ಲೇ ನೆರಳಲ್ಲಿ ಆರಾಮ ಕೂತ್ಕೊಳ್ಳಿ ಅಕ್ಕ. ಬ್ಯಾಗು, ಊಟ ಎಲ್ಲ ನೋಡ್ಕೊಳ್ಬೇಕಲ್ಲ. ನಾವು ಮಕ್ಕಳಿಗೆ ತೋರಿಸ್ಕೊಂಡು ಬರ್ತೇವೆ. ಬಂದ ಕೂಡ್ಲೇ ಊಟಕ್ಕೆ ಕೂತ್ರಾಯ್ತು."

ಕೇಡಿನಿಂದ ಹೇಳಿದ ಮಾತಲ್ಲ ಅದು. ಕೇಡಿನಿಂದ ಹೇಳಿದ್ದರೆ ಒಂದು ಜಗಳ ಮಾಡಿ ಮುಗಿಸಬಹುದಿತ್ತು. ಅವರು ಹೇಳಿದ್ದು ನಮ್ಮ ಮೇಲಿನ ಕಾಳಜಿಯಿಂದ! ಟಿಟ್ವಾಳದಲ್ಲಿ ಚಪ್ಪಲಿ ಕಾದವರು ನಾವು. ವಜ್ರೇಶ್ವರಿಯಲ್ಲಿ ಅವರು ಬಿಸಿನೀರಿಗೆ ಇಳಿದಾಗ ಒಣ ಟವೆಲು ಹಿಡಿದು ನಿಂತವರು ನಾವು. ಇಲ್ಲಿ ಬ್ಯಾಗು. ಬಸ್ಸು ಕೇಳಿದವಳು, ಹಟ ಮಾಡಿದವಳು, ವಾರಗಟ್ಟಲೆ ಕಾದವಳು ಗೇಟಿನ ಒಳಗೆ ಬಂದು ಮರದಡಿ ಕೂತು ಮೊಸರನ್ನಕ್ಕೆ ಕಾವಲು. ಇದರಲ್ಲಿ ತಪ್ಪೇನಿದೆ ಎಂದು ಅಲ್ಲಿದ್ದ ಒಬ್ಬ ಗಂಡಸಿಗೂ ಹೊಳೆಯಲಿಲ್ಲ. ಭಾವನೂ ಅಲ್ಲೇ ಇದ್ದರು, ಬಿಳಿ ಅಂಗಿಯಲ್ಲಿ, ಮರದ ಕಾಂಡವನ್ನು ನೋಡುತ್ತ.

ಅಕ್ಕ ಸ್ವಲ್ಪ ಹೊತ್ತು ಕೈ ಹಿಂದೆ ಕಟ್ಟಿ ಕಾರ್ಯದರ್ಶಿಯನ್ನೇ ನೋಡಿದರು, ಗುಂಡಿಯೊಳಗಿನ ಕೇಬಲ್ಲನ್ನು ನೋಡುವ ಹಾಗೆ. ಆಮೇಲೆ ಬಗ್ಗಿ ಪುಳಿಯೋಗರೆಯ ಪಾತ್ರೆ ಎತ್ತಿ ಅವರ ಕಾಲ ಬಳಿ ಇಟ್ಟರು. ಮೊಸರನ್ನ ಇಟ್ಟರು. ಪತ್ರೊಡೆಯ ಡಬ್ಬಿ ಇಟ್ಟರು. ತಮ್ಮ ಚೀಲವನ್ನು ಕಾರ್ಯದರ್ಶಿಯ ಭುಜಕ್ಕೇ ತಗುಲಿಸಿದರು.

"ಇದು ನಿಮ್ಮ ಮ್ಯೂಸಿಯಂ. ನಿಧಾನಕ್ಕೆ ನೋಡಿ. ಹಸಿವಾದ್ರೆ ಇಲ್ಲಿ ಮುಟ್ಲಿಕ್ಕೂ ಅಡ್ಡಿ ಇಲ್ಲ."

ಅಷ್ಟು ಹೇಳಿ ಅವರ ಕೈಯಲ್ಲಿದ್ದ ಟಿಕೆಟುಗಳನ್ನು ತೆಗೆದುಕೊಂಡೇಬಿಟ್ಟರು. ಗಂಡಸರಿಗೆಂದು ತೆಗೆದ ಟಿಕೆಟ್ ಹೆಂಗಸರಿಗೆ ನಡೆಯುವುದಿಲ್ಲ ಎಂದು ಅದರ ಮೇಲೆ ಎಲ್ಲೂ ಬರೆದಿರಲಿಲ್ಲ.

ಹೆಂಗಸರಲ್ಲಿ ಕೆಲವರು ಏಳಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಎದ್ದವಳು ಕಾಕು. "ನಡೀರಿ ಅಕ್ಕಾರ. ನಮ್ಮ ಮನಿಯವ್ರು ಭಿವಂಡಿಯಾಗ ದಿನಾ ಮಗ್ಗದ ಮುಂದ ನಿಂತು ಬರ್ತಾರ. ಅದು ಹ್ಯಾಂಗಿರ್ತದ ಅಂತ ನಾನೂ ಒಂದಿಷ್ಟು ನೋಡ್ಲಿ." ನಾನೂ ಎದ್ದೆ. ಆಮೇಲೆ ಎಲ್ಲರೂ ಎದ್ದರು. ಮಕ್ಕಳು ನಮ್ಮ ಮುಂದೆ ಓಡಿದವು.

ಒಳಗೆ ಮೊದಲು ಸಿಕ್ಕಿದ್ದು ಹಳೆಯ ಒಲೆಗಳು, ಸ್ಟವ್‌ಗಳು. ನಮ್ಮವರೊಬ್ಬರು ಅಲ್ಲೇ ನಿಂತು ಸೀಮೆಎಣ್ಣೆ ಸ್ಟವ್ವಿನ ಕಥೆ ಶುರು ಮಾಡಿದರು. "ಅದನ್ನು ಮನೆಯಲ್ಲಿ ನೋಡುವ, ಬನ್ನಿ," ಎಂದು ಅಕ್ಕ ಅವರ ತೋಳು ಹಿಡಿದು ಎಳೆದರು. ಆಚೆ ಮಗ್ಗದ ವಿಭಾಗ. ಅಲ್ಲಿನ ಸಿಬ್ಬಂದಿ ಒಂದು ಪವರ್‌ಲೂಮನ್ನು ಸ್ವಲ್ಪ ಹೊತ್ತು ಓಡಿಸಿ ತೋರಿಸಿದರು. ಆ ಗಡಗಡ ಸದ್ದಿಗೆ ಮಕ್ಕಳು ಕಿವಿ ಮುಚ್ಚಿಕೊಂಡವು. ಸದ್ದು ನಿಂತ ಮೇಲೂ ಕಾಕು ಮಗ್ಗದ ಎದುರಿನಿಂದ ಕದಲಲಿಲ್ಲ. ಅಲ್ಲಿಂದಲೇ ಹೇಳಿದಳು, "ಇಂಥಾ ಸಪ್ಪಳದಾಗ ಇಡೀ ದಿವಸ ನಿಲ್ತಾರೇನ್ರಿ? ಕರದ್ರ ಕೇಳೂದಿಲ್ಲ, ಸೊಕ್ಕು ಬಂದದ ಅಂತ ನಾನು ದಿನಾ ಬೈತೀನಿ ಅವರಿಗಿ." ಹೆಂಗಸರಿಗೆ ಅಲ್ಲಿ ಎಂತ ಉಂಟು ಎಂದು ಕೇಳಿದ್ದರಲ್ಲ, ಇದು ಉಂಟು.

ಕೊನೆಗೆ ರೈಲಿನ ಕೋಣೆ. ಗಾಜಿನೊಳಗೆ ಪುಟ್ಟ ಲೋಕಲ್, ಪುಟ್ಟ ಹಳಿ, ಮೇಲೆ ಒಂದೇ ತಂತಿ. ಎದುರಿಗೆ ಒಂದು ಗುಂಡಿ. ಒತ್ತಿದರೆ ಕೆಂಪು ದೀಪಗಳು ಒಂದರ ಹಿಂದೆ ಒಂದು ಹತ್ತುತ್ತ ಕರೆಂಟಿನ ದಾರಿ ತೋರಿಸುತ್ತವೆ. ಮಕ್ಕಳು ಆಗಲೇ ಗುಂಡಿಯನ್ನು ಡೋರ್‌ಬೆಲ್ಲಿನ ಹಾಗೆ ಚಚ್ಚುತ್ತಿದ್ದವು. ಮಾತೃಹೃದಯಿಯವರು ಏನು ಮಾಡಿದರು ಗೊತ್ತಾ? ಮಕ್ಕಳನ್ನು ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿದರು.

"ಆಚೆ ನಿಲ್ಲಿ ಎಲ್ಲ. ನನಗೆ ನೋಡ್ಲಿಕ್ಕುಂಟು."

"ಆಂಟಿ, ಹಮಾರಾ ನಂಬರ್ ಕಬ್ ಆಯೇಗಾ?" ಎಂದಿತು ಒಂದು.

"ನನ್ನದು ಮುಗಿದ ಮೇಲೆ."

ಒತ್ತಿದರು. ದೀಪ ತಂತಿಯಲ್ಲಿ ಓಡಿ ಬಂತು, ಟ್ರೇನಿನ ತಲೆಯ ಮೇಲಿಂದ ಒಳಗೆ ಇಳಿಯಿತು, ಮೋಟಾರು ದಾಟಿತು, ಚಕ್ರಕ್ಕೆ ಬಂತು. ಅಕ್ಕ ಉಸಿರು ಹಿಡಿದಿದ್ದರು. ಚಕ್ರದಿಂದ ಹಳಿಗೆ ಇಳಿದು ದೀಪಗಳು ಹಿಂದಕ್ಕೆ ಓಡಿದವು.

"ಹಳಿ! ಹಳಿಯಲ್ಲೇ ವಾಪಸ್ ಹೋಗ್ತದೆ ಮಾರಾಯ್ತಿ! ಕಾಲ ಕೆಳಗೇ ಇತ್ತು!" ನನ್ನ ಕೈಯನ್ನು ಅವರು ಹಿಡಿದ ಹಿಡಿತಕ್ಕೆ ಬಳೆ ಒಡೆಯಿತು. ಮತ್ತೆ ಒತ್ತಿದರು. ಮತ್ತೆ. ಆಮೇಲೆ ಕೈ ಹಿಂದೆ ಕಟ್ಟಿ ಯೋಚನೆ ಮಾಡಿದರು. ನನಗೆ ಹೆದರಿಕೆಯಾಯಿತು, ಆ ಭಂಗಿ ನನಗೆ ಗೊತ್ತು.

ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಸಿಬ್ಬಂದಿಯ ಬಳಿ ಹೋಗಿ ತಮ್ಮ ಮರಾಠಿಯಲ್ಲಿ ಕೇಳಿದರು: ಹಳಿಯಲ್ಲಿ ಕರೆಂಟು ಹೋಗುವುದಾದರೆ, ಡೊಂಬಿವಲಿಯಲ್ಲಿ ಜನ ದಿನಾ ಹಳಿ ತುಳಿದುಕೊಂಡೇ ದಾಟುತ್ತಾರಲ್ಲ, ಅವರಿಗೆ ಯಾಕೆ ಶಾಕ್ ಹೊಡೆಯುವುದಿಲ್ಲ?

ಆತ ಎದ್ದು ನಿಂತ. ಬೇರೇನೂ ಅಲ್ಲ, ಪ್ರಶ್ನೆಗೆ ಎದ್ದು ನಿಂತ. "ಬಾಯಿ, ಹೇ ಮಲಾ ಕೋಣಿ ವಿಚಾರ್ಲಂಚ್ ನಾಹಿ," ಎಂದ. ಇದನ್ನು ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ. ನನಗೆ ಗೊತ್ತಿಲ್ಲ, ವಾರದ ನಡುವೆ ಬನ್ನಿ, ಸಾಹೇಬರು ಇರುತ್ತಾರೆ, ಹೇಳುತ್ತಾರೆ. ಅಷ್ಟೇ. ಯಾಕೆ ಬೇಕು ನಿಮಗೆ ಎನ್ನಲಿಲ್ಲ. ತಲೆಗೆ ಹೋಗುವುದಿಲ್ಲ ಎನ್ನಲಿಲ್ಲ.

ನಾವು ಹೊರಗೆ ಬಂದಾಗ ಊಟದ ಹೊತ್ತು ಯಾವಾಗಲೋ ದಾಟಿತ್ತು. ಮರದಡಿಯ ದೃಶ್ಯ ನನ್ನ ಕಣ್ಣಿಗೆ ಈಗಲೂ ಕಟ್ಟಿದೆ. ಪಾತ್ರೆಗಳು ಇಟ್ಟಲ್ಲೇ ಇವೆ. ಸುತ್ತ ಗಂಡಸರು ಕೂತಿದ್ದಾರೆ, ಬಾಡಿದ ಮುಖ ಹೊತ್ತು, ಹಸಿದು. ಒಂದು ಮುಚ್ಚಳವೂ ತೆರೆದಿಲ್ಲ! ಪ್ಲೇಟು ಅಲ್ಲೇ ಇದೆ, ಸೌಟು ಅಲ್ಲೇ ಇದೆ, ನೀರು ಅಲ್ಲೇ ಇದೆ. ಯಾರಾದರೂ ಬಂದು ಬಡಿಸಬೇಕೆಂದು ಕಾಯುತ್ತ ಅಷ್ಟೂ ಹೊತ್ತು ಅನ್ನದ ಪಕ್ಕದಲ್ಲೇ ಉಪವಾಸ ಕೂತಿದ್ದಾರೆ. ಬ್ಯಾಂಕಿನವರು, ಅಂಗಡಿಯವರು, ಕಂಪೆನಿಯವರು, ಎಲ್ಲ.

ಕಾಕು ಸೊಂಟಕ್ಕೆ ಕೈ ಇಟ್ಟು ನೋಡಿದಳು. "ಒಳಗ ಗಾಜಿನ ಪೆಟಿಗ್ಯಾಗ ಇಟ್ಟಿದ್ದು ಏನೂ ಅಲ್ಲ ಬಿಡ್ರಿ. ನೋಡುವಂಥಾದ್ದು ಇಲ್ಲೇ ಹೊರಗ ಅದ."

ಮಕ್ಕಳು ಹಸಿದಿದ್ದವೆಂದು ಅಕ್ಕ ಸೌಟು ಹಿಡಿದರು. ಆಗ ಯಾರೋ ತೆಗೆದ ಫೋಟೋವೇ ಮೊನ್ನೆ ಹೂವಿನ ಚೌಕಟ್ಟಿನೊಳಗೆ ಬಂದದ್ದು. ಇಡೀ ದಿನದಲ್ಲಿ ಅವರು ಗುಂಡಿ ಒತ್ತಿದ್ದನ್ನು ಯಾರೂ ಫೋಟೋ ತೆಗೆಯಲಿಲ್ಲ, ಸೌಟು ಹಿಡಿದದ್ದನ್ನು ತೆಗೆದರು.

ಮುಂದಿನ ಮೀಟಿಂಗಿನಲ್ಲಿ ಪ್ರವಾಸದ ವ್ಯವಸ್ಥೆ ಸರಿಯಾಗಲಿಲ್ಲ ಎಂದು ತೀರ್ಮಾನವಾಯಿತು. ಊಟ ತಡವಾದದ್ದಕ್ಕೆ ಖೇದ. ಸಂಚಾಲಕಿ ಬದಲು. ಮರುವರ್ಷ ಟಿಟ್ವಾಳ. ಅಕ್ಕ ಒಂದು ಮಾತೂ ಆಡಲಿಲ್ಲ. ಯಾಕೆಂದರೆ ಅದೇ ವಾರ ನನ್ನನ್ನು ಕರೆದುಕೊಂಡು, ಫಾಸ್ಟ್ ಲೋಕಲ್ ಹತ್ತಿ, ಮತ್ತೆ ಮ್ಯೂಸಿಯಮ್ಮಿಗೆ ಹೋಗಿ ಸಾಹೇಬರನ್ನು ಹಿಡಿದು ಕೇಳಿ ಬಂದಾಗಿತ್ತು. ಹಳಿ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಹಳಿಗೂ ನೆಲಕ್ಕೂ ನಡುವೆ ಕರೆಂಟಿನ ಒತ್ತಡದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಅದಕ್ಕೇ ನಮಗೆ ಹೊಡೆಯುವುದಿಲ್ಲ ಎಂದು ಅವರು ಚಿತ್ರ ಬರೆದು ತೋರಿಸಿದರು. ಬರುವಾಗ ಡೊಂಬಿವಲಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಅಕ್ಕ ನಿಂತು ಹಳಿಯನ್ನು ನೋಡಿದರು, ಪರಿಚಯದವರನ್ನು ನೋಡಿದ ಹಾಗೆ.

ಆದರೆ ಸಂಘದ ಮಟ್ಟಿಗೆ ಅವರು ಪತ್ರೊಡೆ ಅಕ್ಕನಾಗಿಯೇ ಉಳಿದರು. ಯಾವ ಕಾರ್ಯಕ್ರಮವಿರಲಿ, "ಅಕ್ಕ, ಪತ್ರೊಡೆ?" ಯಾರೇ ಹೊಗಳಲಿ, ಅವರ ಮುಖ ಗಂಟಿಕ್ಕುತ್ತಿತ್ತು. ವಿನಯ ಎಂದುಕೊಂಡರು ಜನ. ವಿನಯವೂ ಅಲ್ಲ, ಮಣ್ಣೂ ಅಲ್ಲ.

ಪತ್ರೊಡೆ ಮಾಡುತ್ತಿದ್ದದ್ದು ಭಾವ.

ಎದುರು ಮನೆಯವಳು ನಾನು, ನನಗೆ ಗೊತ್ತಿತ್ತು. ಬಾಗಿಲು ಹಾಕಿಕೊಂಡು, ಬಿಳಿ ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿ, ಕೆಸುವಿನ ಎಲೆಗೆ ಹಿಟ್ಟು ಹಚ್ಚಿ, ಹೋಟೆಲಿನಲ್ಲಿ ಕಲಿತ ಕೈಯಲ್ಲಿ ಸುರುಳಿ ಸುತ್ತುತ್ತಿದ್ದರು. ಅಕ್ಕನಿಗೆ ಆ ಎಲೆ ಮುಟ್ಟಿದರೆ ಕೈ ತುರಿಸುತ್ತಿತ್ತು. ಗಂಡ ಮತ್ತೆ ಹೋಟೆಲಿನ ಹುಡುಗನಾಗಿ ಕಾಣಬಾರದೆಂದು ಆ ಹೊಗಳಿಕೆಯನ್ನು ಇಷ್ಟು ವರ್ಷ ಅವರು ಬೈಗುಳದ ಹಾಗೆ ನುಂಗಿಕೊಂಡರು. ಅದಕ್ಕೆ ಸಿಕ್ಕ ಬಹುಮಾನ ಈ ಹೂವಿನ ಚೌಕಟ್ಟು.

ಇದನ್ನು ಬರೆಯುವ ಮೊದಲು ನೆರೂಳಿನಲ್ಲಿ ಮಗಳ ಮನೆಯಲ್ಲಿರುವ ಭಾವನಿಗೆ ಫೋನ್ ಮಾಡಿದೆ. ವಾಟ್ಸಾಪಿನಲ್ಲಿ ಬಂದದ್ದನ್ನು ಅವರೂ ಓದಿದ್ದರು. ಸುಳ್ಳನ್ನು ಸುಳ್ಳು ಎಂದು ಬರೆಯಲಾ ಎಂದು ಕೇಳಿದೆ. ಇನ್ನು ಮಳೆಯ ಬಗ್ಗೆ ಶುರು ಮಾಡುತ್ತಾರೆ ಎಂದುಕೊಂಡೆ.

"ಅವತ್ತು ಮರದ ಕೆಳಗೆ ಎಲ್ಲ ಹಸಿದು ಕೂತಿದ್ದಾಗ ನನ್ನದೇ ಡಬ್ಬಿ ಎದುರಿಗಿತ್ತು ಮಾರಾಯ್ತಿ. ಬಡಿಸುವುದು ನನಗೆ ಗೊತ್ತಿಲ್ಲವಾ? ಬಡಿಸಿದ್ರೆ ಇವನು ಇನ್ನೂ ಹೋಟೆಲಿನವನೇ ಅಂತ ಆಡಿಕೊಳ್ತಾರಲ್ಲ ಅಂತ ಕೂತೆ. ಅವಳ ಸಂಚಾಲಕಿ ಕೆಲಸ ಹೋದದ್ದು ಅದಕ್ಕೇ, ಊಟ ತಡವಾಯ್ತು ಅಂತ."

ಇದನ್ನೂ ಬರೆಯಲಾ ಎಂದು ಕೇಳಿದೆ.

"ಬರಿ. ನನ್ನ ವಿಷಯವೂ ಬರಿ. ಇನ್ನು ಯಾರಿಗೆ ಹೆದರುವುದು? ಆದ್ರೆ ಒಂದು ಕೇಳು. ಮೊದಲು ಹಳಿಯದ್ದು ಬರಿ. ಅದು ಅವಳದ್ದು. ಪತ್ರೊಡೆ ನನ್ನದಲ್ಲವಾ, ಅದು ಆಮೇಲೆ ಬಂದ್ರೆ ಸಾಕು."

ಹಾಗೆಯೇ ಬರೆದಿದ್ದೇನೆ, ಭಾವ.